ಅಳುವ ರಾಜಕುಮಾರಿಯಿಂದ ಕಲಿಯುವುದೇನು?

ಪತ್ರ: ಹತ್ತನೇ ತರಗತಿಯಲ್ಲಿರುವ ನನ್ನ ಮಗಳು ‘ಅಕತ್ಸುಕಿ ನೊ ಯೋನ’ ಎಂಬ ಜಪಾನಿ ಮಾಂಗಾವನ್ನು, ಅಂದರೆ ಚಿತ್ರಕಥೆಯನ್ನು, ಊಟ ತಿಂಡಿ ಮರೆತು ಓದುತ್ತಾಳೆ. ಮೊದಲ ಸಂಪುಟ ತಿರುವಿ ನೋಡಿದೆ. ಅಳುವ ಒಬ್ಬ ರಾಜಕುಮಾರಿ, ಸುತ್ತ ಚೆಲುವ ಹುಡುಗರು. ಇದರ ಬದಲು ಜವಾಬ್ದಾರಿ ಕಲಿಸುವ ಪುಸ್ತಕಗಳನ್ನು ತಾವು ಸೂಚಿಸಬಾರದೆ? – ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಮಗಳು ಓದುವುದನ್ನು ಕೈಗೆತ್ತಿಕೊಂಡು ನೋಡುವ ತಾಯಂದಿರು ವಿರಳ, ಅದಕ್ಕಾಗಿ ಮೊದಲು ಅಭಿನಂದನೆ. ತಮ್ಮ ಆಕ್ಷೇಪದಲ್ಲಿ ಹುರುಳಿಲ್ಲವೆಂದೂ ಹೇಳಲಾರೆ. ಚೆಲುವ ಹುಡುಗರು ಅಗತ್ಯಕ್ಕಿಂತ ಹೆಚ್ಚೇ ಇದ್ದಾರೆ, ಗಂಭೀರ ಸನ್ನಿವೇಶದ ನಡುವೆ ನುಗ್ಗುವ ಹಾಸ್ಯವೂ ಕೆಲವೊಮ್ಮೆ ರಸಭಂಗ ಮಾಡುತ್ತದೆ. ಆದರೆ ಒಂದೇ ಸಂಪುಟಕ್ಕೆ ತೀರ್ಪು ಕೊಟ್ಟಿರಲ್ಲ, ಅಲ್ಲಿ ನನ್ನ ತಕರಾರು.

ಮಿಜುಹೊ ಕುಸನಗಿ ಅವರು ‘ಹನ ಟು ಯುಮೆ’ ಎಂಬ ಹುಡುಗಿಯರ ಪತ್ರಿಕೆಯಲ್ಲಿ 2009ರಲ್ಲಿ ಆರಂಭಿಸಿದ ಧಾರಾವಾಹಿ ಇದು. ಕಥೆ ನಡೆಯುವ ಕೌಕಾ ರಾಜ್ಯ ಕಲ್ಪಿತವಾದರೂ ಅಲ್ಲಿನ ಹೆಸರು, ಉಡುಪು, ಐದು ಬುಡಕಟ್ಟುಗಳ ವ್ಯವಸ್ಥೆ ಇವೆಲ್ಲ ಪ್ರಾಚೀನ ಕೊರಿಯಾವನ್ನು ನೆನಪಿಸುತ್ತವೆ. ಮೊದಲ ಪುಟಗಳಲ್ಲಿ ರಾಜಕುಮಾರಿ ಯೋನಾಳ ದೊಡ್ಡ ಚಿಂತೆಯೆಂದರೆ ತನ್ನ ಕೆಂಪು ಗುಂಗುರು ಕೂದಲು. ಹದಿನಾರು ತುಂಬಿದ ದಿನ ಅವಳಿಗೆ ಕೇಶಾಭರಣವನ್ನು ಉಡುಗೊರೆಯಾಗಿ ಕೊಟ್ಟ, ಅವಳು ಮನಸಾರೆ ಮೆಚ್ಚಿದ ದಾಯಾದಿ ಸೂವೊನ್‌ನೇ ಅದೇ ರಾತ್ರಿ ಅವಳ ತಂದೆಯನ್ನು ಕೊಲ್ಲುತ್ತಾನೆ. ಬಾಲ್ಯದ ಒಡನಾಡಿ, ಅಂಗರಕ್ಷಕ ಹಾಕ್‌ನೊಂದಿಗೆ ಓಡಿಹೋಗುವ ಆ ಹುಡುಗಿ ಬಹುಕಾಲ ಮಾತನ್ನೇ ಆಡುವುದಿಲ್ಲ. ತಾವು ನೋಡಿದ ಅಳು ಇದು. ಅಳದೆ ಇನ್ನೇನು ಮಾಡಬೇಕಿತ್ತು, ಮೇಡಂ?

ಬಂಡೆಯ ಅಂಚಿನಲ್ಲಿ ಹಾಕ್ ಗಾಯಗೊಂಡು ನೇತಾಡುತ್ತಿರುವಾಗ, ಅಗ್ನಿ ಬುಡಕಟ್ಟಿನ ನಾಯಕನ ಮಗ ತೇಜುನ್ ಅವಳ ಜಡೆಯನ್ನು ಹಿಡಿದೆಳೆಯುತ್ತಾನೆ. ಅವಳು ಕತ್ತಿಯಿಂದ ತನ್ನ ಕೂದಲನ್ನೇ ಕತ್ತರಿಸಿಕೊಂಡು ಬಿಡಿಸಿಕೊಳ್ಳುತ್ತಾಳೆ. ಬೇರೊಬ್ಬ ಲೇಖಕಿಯಾಗಿದ್ದರೆ ಮುಂದಿನ ಪುಟದಲ್ಲೇ ಅವಳನ್ನು ವೀರವನಿತೆಯಾಗಿಸುತ್ತಿದ್ದರು. ಇಲ್ಲಿ ಹಾಗಾಗುವುದಿಲ್ಲ. ಆಯುಧವನ್ನು ದ್ವೇಷಿಸುತ್ತಿದ್ದ ತಂದೆ ಮಗಳಿಗೂ ಅದನ್ನು ಮುಟ್ಟಗೊಟ್ಟಿರಲಿಲ್ಲವಾದ್ದರಿಂದ ಹಾಕ್‌ನನ್ನು ಬೇಡಿ ಬಿಲ್ಲುವಿದ್ಯೆ ಕಲಿಯತೊಡಗುತ್ತಾಳೆ, ಎಲ್ಲರೂ ಮಲಗಿದ ಮೇಲೆ ಒಬ್ಬಳೇ ಅಭ್ಯಾಸ ಮಾಡುತ್ತಾಳೆ. ಅವಾ ಎಂಬ ಬಂದರಿನಲ್ಲಿ ಹೆಂಗಸರನ್ನು ಮಾರುವ ಅಧಿಕಾರಿಯ ಮೇಲೆ ಅವಳ ಬಾಣ ನೆಡುವ ಹೊತ್ತಿಗೆ, ಅದಕ್ಕೆ ಬೇಕಾದ ಶ್ರಮವನ್ನೆಲ್ಲ ಓದುಗರು ಕಣ್ಣಾರೆ ಕಂಡಿರುತ್ತಾರೆ.

ಬಿಲ್ಲಿಗಿಂತ ಕಷ್ಟದ ಪಾಠ ಅಗ್ನಿ ಬುಡಕಟ್ಟಿನ ಹಳ್ಳಿಗಳಲ್ಲಿದೆ. ತೆರಿಗೆಯಿಂದ ಬಸವಳಿದು, ಉಣ್ಣಲಿಲ್ಲದೆ ಮಲಗಿದ ಜನರನ್ನು ಕಂಡಾಗ ಯೋನಾಳಿಗೆ ಹೊಳೆಯುವುದೇನೆಂದರೆ, ಇದನ್ನೆಲ್ಲ ಆಗಗೊಟ್ಟವನು ತಾನು ಪ್ರೀತಿಸಿದ, ಮೃದು ಮನಸ್ಸಿನ ತಂದೆಯೇ ಎಂಬುದು. ಅತ್ತ ತಂದೆಯನ್ನು ಕೊಂದ ಸೂವೊನ್ ಸಮರ್ಥ ದೊರೆಯಾಗಿ ನಾಡನ್ನು ಮೇಲೆತ್ತುತ್ತಿದ್ದಾನೆ. ಸೇಡು ತೀರಿಸಿಕೊಂಡರೆ ಯಾರಿಗೆ ಲಾಭ, ಯಾರಿಗೆ ನಷ್ಟ? ಕೊರಿಯಾದ ಇತಿಹಾಸದಲ್ಲೂ ಇಂಥ ಇಕ್ಕಟ್ಟಿದೆ. ಗೊಗುರ್ಯೊ ರಾಜ್ಯದಲ್ಲಿ 642ರಲ್ಲಿ ದೊರೆಯನ್ನು ಕೊಂದು ಅಧಿಕಾರ ಹಿಡಿದ ಯೊನ್ ಗೆಸೊಮುನ್‌ನ ಆಳ್ವಿಕೆಯಲ್ಲೇ, 645ರಲ್ಲಿ, ಚೀನಾದ ಟ್ಯಾಂಗ್ ಚಕ್ರವರ್ತಿಯ ಸೇನೆ ಬರಿಗೈಯಲ್ಲಿ ಹಿಂದಿರುಗಿತು. ಈ ಹೋಲಿಕೆ ನನ್ನದೇ ಹೊರತು ಕುಸನಗಿ ಅವರದಲ್ಲ.

ಇನ್ನು ಆ ತೇಜುನ್. ತನ್ನಿಂದಲೇ ಯೋನಾ ಸತ್ತಳೆಂದು ಕೊರಗುತ್ತಿದ್ದವನು ಅವಳು ಬದುಕಿರುವುದನ್ನು ಕಂಡ ಮೇಲೆ ಅದೇ ಬಡ ಹಳ್ಳಿಗಳಲ್ಲಿ ರೋಗಿಗಳ ಆರೈಕೆಗೆ ನಿಲ್ಲುತ್ತಾನೆ. ಮುಂದೆ ಯೂನ್ ಎಂಬ ಹುಡುಗ ನೆರೆನಾಡಿನಿಂದ ತಂದ, ಚಳಿಯ ನೆಲದಲ್ಲೂ ಬೆಳೆಯುವ ಧಾನ್ಯದ ಬೀಜವನ್ನು ಬಿತ್ತಿಸುವ ಹೊಣೆ ಅವನದಾಗುತ್ತದೆ. ಅರಮನೆಯ ಸೋಮಾರಿಯೊಬ್ಬ ಕಸಬರಿಕೆ ಹಿಡಿಯುವ ಆ ಅಧ್ಯಾಯಗಳು ನನಗೆ ಇಡೀ ಕೃತಿಯಲ್ಲೇ ಅಚ್ಚುಮೆಚ್ಚು.

ಈಗ ತಾವು ಕೇಳಿದ ‘ಜವಾಬ್ದಾರಿ ಕಲಿಸುವ’ ಪುಸ್ತಕಗಳ ವಿಚಾರ. ವಿಮರ್ಶೆಗೆಂದು ನಮ್ಮ ಕಚೇರಿಗೆ ಅಂಥವು ರಾಶಿ ರಾಶಿ ಬರುತ್ತವೆ. ತುಂಟ ಹುಡುಗ ತಾತನ ಒಂದು ಮಾತಿಗೆ ಕಡೆಯ ಪುಟದಲ್ಲಿ ಒಳ್ಳೆಯವನಾಗಿಬಿಡುತ್ತಾನೆ. ತಾತ ಮಾತ್ರ ಎಂದೂ ತಪ್ಪು ಮಾಡಿರುವುದಿಲ್ಲ. ಇವನ್ನು ಬರೆಯುವವರೂ ಹಿರಿಯರು, ಕೊಳ್ಳುವವರೂ ಹಿರಿಯರು, ಬಹುಮಾನ ಕೊಡುವವರೂ ಹಿರಿಯರೇ. ಚಂದದ ಬಾಲಗೀತೆಯಿಂದ ನೇರ ದೊಡ್ಡವರ ಕಾದಂಬರಿಗೆ ಜಿಗಿಯಿರೆಂದು ಮಕ್ಕಳಿಗೆ ಹೇಳಿ, ನಡುವಿನ ಹರೆಯದ ವರ್ಷಗಳಿಗೆ ನಾವು ಕೈಗೆ ಕೊಟ್ಟಿದ್ದು ಬಹುಮಟ್ಟಿಗೆ ಗೈಡುಗಳನ್ನು. ಆ ಜಾಗವನ್ನು ಜಪಾನಿನ ಧಾರಾವಾಹಿಯೊಂದು ಇಂಗ್ಲಿಷಿನಲ್ಲಿ ಬಂದು ತುಂಬಿದರೆ ಮಕ್ಕಳ ಮೇಲೆ ಸಿಡುಕುವ ಹಕ್ಕು ನಮಗೆಲ್ಲಿದೆ?

ತಾವು ಅವಸರ ಪಡದೆ ಎರಡನೆಯ ಸಂಪುಟವನ್ನು ಮಗಳಿಂದಲೇ ಕೇಳಿ ಪಡೆಯಿರಿ. ಸೂವೊನ್ ಮಾಡಿದ್ದು ಸರಿಯೋ ತಪ್ಪೋ ಎಂದು ಅವಳನ್ನು ವಿಚಾರಿಸಿ, ನಡುವೆ ಬಾಯಿ ಹಾಕದೆ ಕೇಳಿಸಿಕೊಳ್ಳಿ. ಅವಳು ಒಪ್ಪಿದರೆ ಆ ಉತ್ತರವನ್ನು ಬರೆದು ಕಳುಹಿಸಲಿ. ಈ ಅಂಕಣದಲ್ಲಿ ಅಚ್ಚು ಹಾಕುತ್ತೇನೆ.

– ಸಂಪಾದಕ