ಕ್ವಾರಿ ಗೋಡೆ ಯಾರ ಲೆಕ್ಕಕ್ಕೆ?

ಪ್ರಶ್ನೆ: ನಮ್ಮ ಹೊಲದ ಬದುವಿಗೆ ತಾಗಿಕೊಂಡೇ ಕಲ್ಲು ಕ್ವಾರಿ ಇದೆ. ಗೋಡೆ ನೆಟ್ಟಗೆ ಬಾವಿಯ ಹಾಗೆ ಇಳಿದಿದೆ. ಅದರ ಅಡಿಯಲ್ಲೇ ಹುಡುಗರು ಹೆಲ್ಮೆಟ್ ಇಲ್ಲದೆ ತೂತು ಹೊಡೆಯುತ್ತಾರೆ. ಒಂದು ಕಚೇರಿಗೆ ಮೂರು ಸಲ ಅರ್ಜಿ ಕೊಟ್ಟೆ. ‘ಲೀಸು ಸರಿಯಿದೆ, ರಾಯಲ್ಟಿ ಕಟ್ಟಿದ್ದಾರೆ’ ಎಂದರು. ಆ ಹುಡುಗರ ಜೀವ ಯಾರ ಲೆಕ್ಕಕ್ಕೆ?
— ಒಬ್ಬ ರೈತ, ಚಿಕ್ಕಬಳ್ಳಾಪುರ ಜಿಲ್ಲೆ

ಉತ್ತರ: ಅವರು ಹೇಳಿದ್ದು ಸುಳ್ಳಲ್ಲ, ನೀವು ತಟ್ಟಿದ ಬಾಗಿಲೇ ಬೇರೆ. ಲೀಸು, ರಾಯಲ್ಟಿ ರಾಜ್ಯದ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಪಾಲು. ಗಣಿಯಲ್ಲಿ ದುಡಿಯುವವರ ಸುರಕ್ಷತೆ ಸಂವಿಧಾನದ ಕೇಂದ್ರ ಪಟ್ಟಿಯಲ್ಲಿದೆ, 55ನೇ ನಮೂದು. ಅದನ್ನು ನೋಡಬೇಕಾದವರು ಗಣಿ ಸುರಕ್ಷತಾ ಮಹಾನಿರ್ದೇಶನಾಲಯದವರು. ಗಣಿಯವರ ಬಾಯಲ್ಲಿ ಡಿಜಿಎಂಎಸ್. ಮುಖ್ಯ ಕಚೇರಿ ಧನಬಾದ್‌ನಲ್ಲಿ. ಅಷ್ಟು ದೂರ ಬರೆಯಬೇಕಿಲ್ಲ, ಬೆಂಗಳೂರು, ಬಳ್ಳಾರಿಯಲ್ಲೂ ಕಚೇರಿಗಳಿವೆ.

‘ಕ್ವಾರಿ ಅಂದ್ರೆ ಗಣಿಯಲ್ಲ ಸ್ವಾಮಿ’ ಎಂದು ಯಾರಾದರೂ ಹೇಳಿಯಾರು. ನಂಬಬೇಡಿ. ಕಟ್ಟಡದ ಕಲ್ಲು, ಜೆಲ್ಲಿ ತೆಗೆಯುವ ತೆರೆದ ಹೊಂಡಕ್ಕೆ 1952ರ ಗಣಿ ಕಾಯ್ದೆ (2025ರ ನವೆಂಬರಿನಲ್ಲಿ ಅದರ ಜಾಗಕ್ಕೆ ಹೊಸ ಸಂಹಿತೆ ಬಂದಿದೆ) ವಿನಾಯಿತಿ ಕೊಟ್ಟದ್ದು ಆಳ ಎಲ್ಲೂ 6 ಮೀಟರ್ ಮೀರದೆ, ದಿನಕ್ಕೆ 50 ಜನಕ್ಕಿಂತ ಹೆಚ್ಚು ದುಡಿಯದೆ, ಸಿಡಿಮದ್ದನ್ನೂ ಬಳಸದೆ ಇದ್ದರೆ ಮಾತ್ರ. ಮೂರರಲ್ಲಿ ಒಂದು ತಪ್ಪಿದರೂ ವಿನಾಯಿತಿ ಇಲ್ಲ. ನಿಮ್ಮಲ್ಲಿ ತೂತು ಹೊಡೆಯುವುದೇ ಮದ್ದು ತುಂಬಲಿಕ್ಕೆ ತಾನೆ?

ನಾನು ಚಿನ್ನದ ಗಣಿಯಲ್ಲಿ ಫೋರ್‌ಮನ್ ಆಗಿದ್ದವನು. ಒಮ್ಮೆ ಡಿಜಿಎಂಎಸ್ ಇನ್‌ಸ್ಪೆಕ್ಟರ್ ಒಬ್ಬರು ಕೆಳಗಿಳಿದು, ನನ್ನ ಕೈಯಿಂದ ಹಾರೆ ತೆಗೆದುಕೊಂಡು ಮೇಲಿನ ಬಂಡೆಯನ್ನು ತಟ್ಟುತ್ತಾ ಹೋದರು. ಗಟ್ಟಿ ಬಂಡೆ ಕಣಕಣ ಎನ್ನುತ್ತದೆ. ಒಂದು ಕಡೆ ‘ದಬ್’ ಎಂದಿತು, ಒಡೆದ ಮಡಕೆಯ ಹಾಗೆ. ಅದೇ ಜಾಗದ ಕೆಳಗೆ ಕೂತು ನಾವು ಬೆಳಿಗ್ಗೆ ಬುತ್ತಿ ಬಿಚ್ಚಿದ್ದೆವು. ಮ್ಯಾನೇಜರ್ ಏನೋ ಹೇಳಲು ಬಾಯಿ ತೆರೆದರು. ಇವರು ಆಗಲೇ ‘ಕೆಲಸ ನಿಲ್ಲಿಸಿ’ ಎಂದು ಬರೆಯುತ್ತಿದ್ದರು. ಆ ಅಧಿಕಾರ ಕಾನೂನೇ ಕೊಟ್ಟದ್ದು. ಆದರೆ ಇನ್‌ಸ್ಪೆಕ್ಟರುಗಳು ಕಡಿಮೆ, ಕ್ವಾರಿಗಳು ಊರಿಗೊಂದು. ತಾವಾಗಿ ಬರುತ್ತಾರೆಂದು ಕಾಯಬೇಡಿ.

ಬರೆಯುವಾಗ ‘ಅಪಾಯ ಇದೆ’ ಎಂದಷ್ಟೇ ಬರೆದರೆ ಫೈಲು ಮಲಗುತ್ತದೆ. ಅಳತೆ ಬರೆಯಿರಿ. 1961ರ ಗಣಿ ನಿಯಮದಲ್ಲಿ ಮೇಲ್ಮಣ್ಣಿನಲ್ಲಿ ಕಡಿದ ಮೆಟ್ಟಿಲಿನ ಎತ್ತರ ಒಂದೂವರೆ ಮೀಟರ್ ಮೀರಬಾರದು, ಅಗಲ ಎತ್ತರಕ್ಕಿಂತ ಕಡಿಮೆ ಇರಬಾರದು. ಅಂಚಿನಿಂದ 3 ಮೀಟರ್ ಒಳಗೆ ಸಡಿಲ ಕಲ್ಲು, ಮರ ಇರಕೂಡದು. ಗೋಡೆಯ ಬುಡ ಕೊರೆದು ಮೇಲ್ಭಾಗ ಚಾಚಿಕೊಳ್ಳುವಂತೆ ಬಿಡಕೂಡದು. ಎಷ್ಟು ಗಂಟೆಗೆ ಸಿಡಿಸುತ್ತಾರೆ, ಸೈರನ್ ಕೂಗುತ್ತದೆಯೇ, ಅದನ್ನೂ ಸೇರಿಸಿ.

ಸಿಡಿಮದ್ದಿನ ಜಿಲೆಟಿನ್, ಅದನ್ನು ಸಿಡಿಸುವ ಕೇಪುಗಳನ್ನು ಶೆಡ್ಡಿನಲ್ಲೋ ಪೊದೆಯಲ್ಲೋ ಇಟ್ಟದ್ದು ಕಂಡರೆ ಡಿಜಿಎಂಎಸ್‌ಗೆ ಕಾಯದೆ ಅವತ್ತೇ ಪೊಲೀಸರಿಗೆ ಹೇಳಿ. 2021ರ ಜನವರಿಯಲ್ಲಿ ಶಿವಮೊಗ್ಗದ ಹುಣಸೋಡು, ಮರುತಿಂಗಳೇ ನಿಮ್ಮದೇ ಜಿಲ್ಲೆಯ ಹಿರೇನಾಗವಲ್ಲಿ, ಎರಡೂ ಕಡೆ ಇಂಥ ಮದ್ದೇ ಸಿಡಿದು ಜನ ಸತ್ತರು. ನಿಮಗೆ ಬಿಡಿಸಿ ಹೇಳಬೇಕಿಲ್ಲ.

ಫೋಟೊ ಜೊತೆಗಿರಲಿ. ಗೋಡೆಯ ಬುಡದಲ್ಲಿ ಟಿಪ್ಪರ್ ನಿಂತಿರುವಾಗ ತೆಗೆಯಿರಿ, ಎತ್ತರ ತಾನೇ ತಿಳಿಯುತ್ತದೆ. ನೀವು ಮಾತ್ರ ಅಂಚಿಗೆ ಹೋಗದೆ, ನಿಮ್ಮ ಹೊಲದಲ್ಲೇ ನಿಂತು ತೆಗೆಯಿರಿ.