ಓದುಗರ ಪ್ರಶ್ನೆ: ಸಾಕ್ಷ್ಯದ ಪ್ರತಿ ಇಮೇಲ್‌ನಲ್ಲಿ ಬಂದಾಗ

ಪ್ರಶ್ನೆ: ಸ್ವತ್ತಿನ ದಾವೆಯೊಂದರಲ್ಲಿ ಪಾಟೀ ಸವಾಲು (ಎದುರು ವಕೀಲರು ಸಾಕ್ಷಿಗೆ ಹಾಕುವ ಪ್ರಶ್ನೆಗಳು ಮತ್ತು ಉತ್ತರ) ದಾಖಲಿಸಲು ನನ್ನನ್ನು ಕೋರ್ಟ್ ಕಮಿಷನರ್ ಆಗಿ ನೇಮಿಸಿದ್ದಾರೆ. ಎರಡೂ ಕಡೆಯ ವಕೀಲರು ಸಾಕ್ಷ್ಯದ ಪ್ರತಿಯನ್ನು ಅದೇ ದಿನ ಇಮೇಲ್‌ನಲ್ಲಿ ಕೇಳುತ್ತಿದ್ದಾರೆ. ಹೇಗೆ ಕೊಡಲಿ?
– ವಕೀಲರು, ತುಮಕೂರು

ಉತ್ತರ: ಇಮೇಲ್ ಪ್ರತಿ ಕೊಡುವ ವಿಷಯವನ್ನು ಮೊದಲು ನ್ಯಾಯಾಲಯದ ಆದೇಶದಲ್ಲೇ ಸೇರಿಸಿಕೊಳ್ಳಿ. ಉಭಯ ಪಕ್ಷಕಾರರ ಜಂಟಿ ಮೆಮೊ (ಒಪ್ಪಿಗೆಯ ಲಿಖಿತ ಟಿಪ್ಪಣಿ) ಹಾಕಿಸಿದರೆ ಮುಂದೆ ತಕರಾರು ಬರುವುದಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 18, ನಿಯಮ 4ರ ಪ್ರಕಾರ ನೀವು ದಾಖಲಿಸಿದ ಸಾಕ್ಷ್ಯ ನಿಮ್ಮ ಸಹಿಯಿರುವ ವರದಿಯೊಂದಿಗೆ ನ್ಯಾಯಾಲಯಕ್ಕೆ ಹೋಗಬೇಕು. ಅದಕ್ಕೆ ಕಮಿಷನ್ ಹೊರಡಿಸಿದ ದಿನದಿಂದ 60 ದಿನ, ನ್ಯಾಯಾಲಯ ಅವಧಿ ವಿಸ್ತರಿಸದಿದ್ದರೆ. ಮೂಲ ದಾಖಲೆ ಅದು. ಇಮೇಲ್‌ನಲ್ಲಿ ಹೋಗುವುದು ವಕೀಲರ ತಯಾರಿಗಾಗಿ ಮಾತ್ರ.

ಸಾಕ್ಷಿ ಎದ್ದು ಹೋಗುವ ಮುನ್ನವೇ ಮುದ್ರಿಸಿ ಓದಿಸಿ. ನಮ್ಮ ದಾಖಲೆಗಳಲ್ಲಿ ಸಾಕ್ಷಿಯ ಉತ್ತರವಾಗಿ ಬರೆಯುವ ‘ಎಂದರೆ ಸರಿ’, ‘ಎಂದರೆ ಸರಿಯಲ್ಲ’ ಎಂಬ ಎರಡು ಮಾತಿನ ಮೇಲೆ ದಾವೆಯೇ ನಿಲ್ಲುತ್ತದೆ. ‘ಸ್ವತ್ತು ನನ್ನ ಸ್ವಾಧೀನದಲ್ಲಿ ಇರಲಿಲ್ಲ ಎಂದರೆ ಸರಿಯಲ್ಲ’ ಎಂಬ ಸಾಲಿನ ಕೊನೆಯ ‘ಯಲ್ಲ’ ಬಿಟ್ಟುಹೋದರೆ ವಾದಿ ಸ್ವಾಧೀನವನ್ನೇ ಬಿಟ್ಟುಕೊಟ್ಟಂತೆ. ತಪ್ಪು ಕಂಡರೆ ಅಲ್ಲೇ ಪೆನ್ನಿನಲ್ಲಿ ತಿದ್ದಿ ಚಿಕ್ಕ ಸಹಿ ಹಾಕಿ, ಪ್ರತಿ ಪುಟಕ್ಕೂ ಸಾಕ್ಷಿಯ ಸಹಿ ಪಡೆಯಿರಿ. ದಾಖಲಿಸುವಾಗ ಎದ್ದ ಆಕ್ಷೇಪಣೆಗಳನ್ನು ಬರೆದುಕೊಳ್ಳಬೇಕು. ಅವನ್ನು ತೀರ್ಮಾನಿಸುವುದು ವಾದದ ಹಂತದಲ್ಲಿ ನ್ಯಾಯಾಲಯ, ನೀವಲ್ಲ.

ಸಹಿಯಾದ ಪುಟಗಳನ್ನೇ 300 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ ಒಂದೇ ಪಿಡಿಎಫ್ ಮಾಡಿ. ಕಡತದ ಹೆಸರಿನಲ್ಲಿ ದಾವಾ ಸಂಖ್ಯೆ, ಸಾಕ್ಷಿ ಸಂಖ್ಯೆ, ದಿನಾಂಕ ಇರಲಿ. ಪಾಟೀ ಸವಾಲು ಮುಂದಿನ ದಿನಕ್ಕೆ ಹೋದರೆ ಆ ದಿನದ್ದು ಬೇರೆ ಕಡತ, ಪುಟಸಂಖ್ಯೆ ಮಾತ್ರ ಮುಂದುವರಿಯಲಿ. ಪ್ರತಿ ಪುಟದ ಅಂಚಿನಲ್ಲಿ ಸಾಲಿನ ಸಂಖ್ಯೆ ಬರುವಂತೆ ಟೈಪ್ ಮಾಡುವಾಗಲೇ ಹೊಂದಿಸಿ; ವರ್ಡ್‌ನಲ್ಲಿ ಆ ಸೌಲಭ್ಯವಿದೆ. ‘ಪುಟ 4, ಸಾಲು 12’ ಎಂದು ವಾದದಲ್ಲಿ ತೋರಿಸಿದರೆ ಎಲ್ಲರ ಕಣ್ಣೂ ಒಂದೇ ಕಡೆ ಬೀಳುತ್ತದೆ. ವರ್ಡ್ ಕಡತವನ್ನೇ ಕಳಿಸಬೇಡಿ. ಇನ್ನೊಂದು ಕಂಪ್ಯೂಟರಿನಲ್ಲಿ ಫಾಂಟ್ ಬದಲಾದರೆ ಸಾಲುಗಳು ಜಾರಿ, ನಾಲ್ಕನೇ ಪುಟದ್ದು ಐದಕ್ಕೆ ಹೋಗಿರುತ್ತದೆ.

ಪ್ರಶ್ನೆ: ಹಳೆಯ ಸಾಕ್ಷ್ಯಗಳೆಲ್ಲ ‘ನುಡಿ’ ಕನ್ನಡ ತಂತ್ರಾಂಶದಲ್ಲಿ ಟೈಪ್ ಆಗಿವೆ. ಪಿಡಿಎಫ್‌ನಲ್ಲಿ ಕನ್ನಡ ಚೆನ್ನಾಗಿಯೇ ಕಾಣುತ್ತದೆ. ‘ಸರ್ವೆ ನಂಬರ್’ ಎಂದು ಹುಡುಕಿದರೆ ಮಾತ್ರ ಒಂದೂ ಸಿಗುವುದಿಲ್ಲ. ಏಕೆ?
– ವಕೀಲರ ಕಚೇರಿ ಸಹಾಯಕರು, ಹಾಸನ

ಉತ್ತರ: ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದು ಕಣ್ಣಿಗೆ ಮಾತ್ರ ಕನ್ನಡ. ಕಡತದ ಒಳಗೆ ಕೂತಿರುವುದು ಇಂಗ್ಲಿಷ್ ಮತ್ತು ಐರೋಪ್ಯ ಚಿಹ್ನೆಗಳು. ಫಾಂಟ್ ಅವಕ್ಕೆ ಕನ್ನಡದ ರೂಪ ತೊಡಿಸಿರುತ್ತದೆ. ನೀವು ಹುಡುಕುವುದು ಯೂನಿಕೋಡ್ ಕನ್ನಡವನ್ನು, ಅಂದರೆ ಪ್ರತಿ ಕನ್ನಡ ಅಕ್ಷರಕ್ಕೂ ತನ್ನದೇ ಸಂಕೇತವಿರುವ ಪಠ್ಯವನ್ನು. ಎರಡೂ ಎಂದೂ ಕೂಡುವುದಿಲ್ಲ.

ಪರಿವರ್ತಕ ತಂತ್ರಾಂಶದಿಂದ ಯೂನಿಕೋಡ್‌ಗೆ ಬದಲಿಸಬಹುದು. ಆದರೆ ಅರ್ಕಾವತ್ತಿನ ಮೇಲೆ ಕಣ್ಣಿಡಿ. ನುಡಿಯಲ್ಲಿ ಅರ್ಕಾವತ್ತು ಅಕ್ಷರದ ನಂತರ ದಾಖಲಾಗುತ್ತದೆ, ಯೂನಿಕೋಡ್‌ನಲ್ಲಿ ‘ರ್’ ಮೊದಲು ಬರಬೇಕು. ಈ ಸ್ಥಾನಪಲ್ಲಟ ಸರಿಯಾಗಿ ಆಗದಿದ್ದರೆ ‘ವರ್ಷ’ ಹೋಗಿ ‘ವಷರ್’, ‘ಕಾರ್ಯ’ ಹೋಗಿ ‘ಕಾಯರ್’, ‘ಸರ್ವೆ’ ಹೋಗಿ ‘ಸವೆರ್’ ಆಗುತ್ತದೆ. ಪರಿವರ್ತಿಸಿದ ಮೇಲೆ ಮೊದಲು ‘ವಷರ್’ ಎಂದೇ ಹುಡುಕಿ ನೋಡಿ. ಒಂದು ಸಿಕ್ಕರೂ ಇಡೀ ಕಡತವನ್ನು ಮೂಲದೊಂದಿಗೆ ಸಾಲುಸಾಲಾಗಿ ತಾಳೆ ನೋಡಬೇಕು. ಅಂಕಿಗಳೂ ಕೈಕೊಡುತ್ತವೆ: ಕನ್ನಡ ಅಂಕಿಯಲ್ಲಿ ‘೪೫/೨’ ಎಂದಿದ್ದರೆ ‘45/2’ ಎಂದು ಹುಡುಕಿದಾಗ ಸಿಗದೇ ಹೋಗಬಹುದು. ಎರಡೂ ರೀತಿ ಹುಡುಕಿ.

ಪರಿವರ್ತಿಸಿದ ಪ್ರತಿ ಹುಡುಕಾಟಕ್ಕಷ್ಟೇ. ಉಲ್ಲೇಖಿಸುವಾಗ ಸಹಿಯಿರುವ ಪ್ರತಿಯ ಪುಟವನ್ನೇ ಕೊಡಿ. ಹೊಸದಾಗಿ ದಾಖಲಿಸುವ ಸಾಕ್ಷ್ಯವನ್ನು ಮೊದಲ ಅಕ್ಷರದಿಂದಲೇ ಯೂನಿಕೋಡ್‌ನಲ್ಲಿ ಟೈಪ್ ಮಾಡಿಸಿದರೆ ಇಷ್ಟು ಕಷ್ಟವೇ ಇರುವುದಿಲ್ಲ. ಇದನ್ನು ಪ್ರತಿ ಕಚೇರಿಯೂ ಇಂದೇ ಶುರುಮಾಡಬೇಕೆಂಬುದು ನಮ್ಮ ಕಳಕಳಿಯ ಮನವಿ.

ಪ್ರಶ್ನೆ: ಆಧಾರ್ ಸಂಖ್ಯೆಯ ಮೇಲೆ ವರ್ಡ್‌ನಲ್ಲಿ ಕಪ್ಪು ಪಟ್ಟಿ ಎಳೆದು ಕಕ್ಷಿದಾರರಿಗೆ ಪ್ರತಿ ಕಳಿಸುತ್ತೇವೆ. ಸಾಕೇ?
– ಓದುಗರು, ಧಾರವಾಡ

ಉತ್ತರ: ಸಾಲದು. ಪಟ್ಟಿಯ ಕೆಳಗಿನ ಅಂಕಿಗಳು ಹಾಗೇ ಉಳಿದಿರುತ್ತವೆ. ಆ ಸಾಲನ್ನು ನಕಲಿಸಿ ಬೇರೆಡೆ ಅಂಟಿಸಿದರೆ ಸಂಖ್ಯೆ ಹೊರಬರುತ್ತದೆ. ಕಳಿಸುವ ಪ್ರತಿಯಲ್ಲಿ ಅಂಕಿಗಳನ್ನೇ ಅಳಿಸಿ ಅಲ್ಲಿ ಅಷ್ಟೇ ನಕ್ಷತ್ರ ಚಿಹ್ನೆ ಹಾಕಿ, ನಂತರ ಪಿಡಿಎಫ್ ಮಾಡಿ. ಸಹಿಯಾದ ಮೂಲವನ್ನು ಮುಟ್ಟಬೇಡಿ.

ಪ್ರಶ್ನೆ: ಕಮಿಷನರ್ ಎದುರು ನಡೆದ ವಿಚಾರಣೆಯ ವಿಡಿಯೋ ನಮಗೆ ವಾಟ್ಸ್ಆ್ಯಪ್‌ನಲ್ಲಿ ಬಂದಿದೆ. ಅದನ್ನೇ ನ್ಯಾಯಾಲಯಕ್ಕೆ ಹಾಜರುಪಡಿಸಬಹುದೇ?
– ವಕೀಲರು, ಮಂಗಳೂರು

ಉತ್ತರ: ಬೇಡ. ವಾಟ್ಸ್ಆ್ಯಪ್ ಸಾಮಾನ್ಯವಾಗಿ ವಿಡಿಯೋವನ್ನು ಕುಗ್ಗಿಸಿ ಕಳಿಸುತ್ತದೆ. ನಿಮಗೆ ಬಂದಿರುವುದು ಕ್ಯಾಮೆರಾದಲ್ಲಿದ್ದ ಕಡತವಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63ರ ಪ್ರಮಾಣಪತ್ರದಲ್ಲಿ ಹ್ಯಾಶ್ ಮೌಲ್ಯ ನಮೂದಿಸಬೇಕು. ಅದರ ‘ಎ’ ಭಾಗ ಪಕ್ಷಕಾರರದು, ‘ಬಿ’ ಭಾಗ ತಜ್ಞರದು. ಹ್ಯಾಶ್ ಎಂದರೆ ಕಡತದ ಬೆರಳಚ್ಚು ಇದ್ದಂತೆ. ಎಸ್‌ಎಚ್‌ಎ-256 ವಿಧಾನದಲ್ಲಿ ಅದು 64 ಅಕ್ಷರ-ಅಂಕಿಗಳ ಸಾಲು. ಕಡತದ ಹೆಸರು ಬದಲಿಸಿದರೆ ಅದು ಬದಲಾಗುವುದಿಲ್ಲ. ಒಳಗೆ ಒಂದು ಚುಕ್ಕೆ ವ್ಯತ್ಯಾಸವಾದರೂ ಪೂರ್ತಿ ಬೇರೆಯಾಗುತ್ತದೆ.

ಚಿತ್ರೀಕರಣ ಮುಗಿದ ಕೂಡಲೇ, ಪಕ್ಷಕಾರರ ಎದುರಿನಲ್ಲೇ, ಮೂಲ ಕಡತದ ಹ್ಯಾಶ್ ತೆಗೆದು ಆ ದಿನದ ನಡಾವಳಿಯಲ್ಲಿ ಬರೆಸಿ. ವಿಂಡೋಸ್‌ನಲ್ಲಿ ಇದಕ್ಕೆ ಕಮಾಂಡ್ ಮೊದಲೇ ಅಳವಟ್ಟಿದೆ, ಬೇರೆ ತಂತ್ರಾಂಶ ಬೇಡ. ಪ್ರತಿಯನ್ನು ಪೆನ್‌ಡ್ರೈವ್‌ನಲ್ಲಿ ಪಡೆದು, ನಿಮ್ಮ ಕಂಪ್ಯೂಟರಿನಲ್ಲಿ ಮತ್ತೆ ಹ್ಯಾಶ್ ತೆಗೆದು ಎರಡನ್ನೂ ಹೋಲಿಸಿ.

ಪ್ರಶ್ನೆ: ಇಮೇಲ್‌ನಲ್ಲಿ ಬಂದ ಪ್ರತಿ ಕೈಯಲ್ಲಿದ್ದ ಮೇಲೆ ನ್ಯಾಯಾಲಯದಿಂದ ದೃಢೀಕೃತ ಪ್ರತಿ ಕೋರುವ ನಕಲು ಅರ್ಜಿ ಹಾಕುವ ಅಗತ್ಯವಿದೆಯೇ?
– ಓದುಗರು, ಮೈಸೂರು

ಉತ್ತರ: ಇದೆ. ಬೇರೆ ದಾವೆಯಲ್ಲಿ ಆ ಹೇಳಿಕೆಯನ್ನು ನಿಶಾನೆ ಮಾಡಿಸಬೇಕಾದರೆ (ಸಾಕ್ಷ್ಯದ ದಾಖಲೆಯಾಗಿ ಗುರುತಿಸಬೇಕಾದರೆ) ದೃಢೀಕೃತ ನಕಲೇ ಬೇಕು. ಸಾಕ್ಷ್ಯ ಮುಗಿದ ವಾರದಲ್ಲೇ ಅರ್ಜಿ ಹಾಕಿ, ಬಂದ ನಕಲನ್ನು ನಿಮ್ಮ ಇಮೇಲ್ ಪ್ರತಿಯೊಂದಿಗೆ ತಾಳೆ ನೋಡಿ. ವ್ಯತ್ಯಾಸ ಕಂಡರೆ ಮೂಲ ಕಡತ ಪರಿಶೀಲಿಸಲು ಅನುಮತಿ ಕೇಳಿ. ಮೂಲದಲ್ಲೇ ತಪ್ಪಿದ್ದರೆ ಪ್ರಮಾಣಪತ್ರದೊಂದಿಗೆ (ಅಫಿಡವಿಟ್) ತಿದ್ದುಪಡಿ ಕೋರಿ ಅರ್ಜಿ ಹಾಕಬೇಕು. ವಾದದ ಹಿಂದಿನ ದಿನ ಇದನ್ನು ಮಾಡಲು ಹೊರಟರೆ, ಸಾಕ್ಷಿಯ ಮಾತನ್ನು ಬದಲಿಸಲು ನೋಡುತ್ತಿದ್ದಾರೆ ಎಂದು ಎದುರಿನವರು ಆಕ್ಷೇಪಿಸುವುದು ಖಂಡಿತ.