ಕ್ರಿಸ್ಮಸ್ ಊಟಕ್ಕೆ ಹತ್ತು ಮಂದಿ ಬರುವುದಾದರೆ ಯಾವ ಅಡುಗೆಯನ್ನು ಯಾವಾಗ ಮಾಡಬೇಕು?

ನಮ್ಮ ಕಾಸರಗೋಡಿನ ಬೇಳ, ಕುಂಬಳೆ ಕಡೆಯ ಕೊಂಕಣಿ ಕ್ರೈಸ್ತರ ಮನೆಗಳ ಕ್ರಮವನ್ನೇ ಹಿಡಿಯಿರಿ. ನೆವ್ರಿ, ಗುಳಿಯೊಗಳಂಥ ಕುಸ್ವಾರ್ ಎಂಬ ಕ್ರಿಸ್ಮಸ್ ತಿಂಡಿ ವಾರ ಮೊದಲೇ ಡಬ್ಬಿ ಸೇರಲಿ. ಹಂದಿಮಾಂಸದ ಮಸಾಲೆ ಪದಾರ್ಥವಾದ ಬಫಾತ್ ಡಿಸೆಂಬರ್ 24ರಂದು, ಚರ್ಚಿನ ರಾತ್ರಿಯ ಬಲಿಪೂಜೆಗೆ ಹೊರಡುವ ಮುನ್ನವೇ ಒಲೆಯಿಂದ ಇಳಿದಿರಬೇಕು. ಮರುದಿನಕ್ಕೆ ಹುಳಿ, ಖಾರ ತುಂಡಿನೊಳಗೆ ಇಳಿದು ರುಚಿ ಏರುತ್ತದೆ. ಎಣ್ಣೆ ಬೇಡ, ಮಾಂಸದ ಕೊಬ್ಬೇ ಸಾಕು. ಎರಡು ಕಿಲೋ ಧಾರಾಳ.

ಹೆಚ್ಚು ಕಾಳಜಿ ಬೇಕಾದದ್ದು ಇಡ್ಲಿಯಂಥ ಸನ್ನಾಕ್ಕೆ. ನೆನೆಸಿದ ಕುಚ್ಚಲಕ್ಕಿ, ಬೆಳ್ತಿಗೆ ಅಕ್ಕಿ, ಸ್ವಲ್ಪ ಉದ್ದನ್ನು ನುಣ್ಣಗೆ ಅರೆದು ಅಂದಿನದೇ ಕಳ್ಳು ಬೆರೆಸಿ. ಕಾಸರಗೋಡಿನಲ್ಲಿ ಕಳ್ಳಿನಂಗಡಿ ಇರುವುದು ನಮ್ಮ ಭಾಗ್ಯ. ಯೀಸ್ಟಿಗೆ ಆ ಪರಿಮಳ ಬಾರದು. ಹಿಟ್ಟು ಉಬ್ಬಿ ಮೇಲೆ ಗುಳ್ಳೆ ಕಂಡಾಗ, ಕದಡದೆ ಬಟ್ಟಲಿಗೆ ಅರ್ಧದಷ್ಟೇ ಸುರಿದು ಹಬೆಯಲ್ಲಿ ಬೇಯಿಸಿ.